ಭಾವನ ಮೈಲೇಜೂ ನನ್ನ ಔಟ್‌ಟರ್ನೂ

ಭಾನುವಾರದಿಂದ ನನ್ನ ಬಲಗೈ ಮೇಲೆ ಏಳುತ್ತಿಲ್ಲ. ಕಾರಿನ ಗಾಜು ಒರೆಸಿ ಒರೆಸಿ ಹೀಗಾಯಿತು ಅಂದರೆ ಆಫೀಸಿನಲ್ಲಿ ಎಲ್ಲರೂ ನಗುತ್ತಾರೆ. ನಗಲಿ. ಅವರ್ಯಾರಿಗೂ ನನ್ನ ಭಾವನಂಥ ಭಾವ ಇಲ್ಲ.

ಮಡಿಕೇರಿಯಲ್ಲಿ ಮೊನ್ನೆ ಕಡಿಮೆ ಎಣ್ಣೆ ಕುಡಿಯುವ, ಕಡಿಮೆ ಹೊಗೆ ಉಗುಳುವ ವಾಹನಗಳ ಸ್ಪರ್ಧೆ ಮತ್ತು ಪ್ರದರ್ಶನ ಇತ್ತು. ಟ್ಯಾಂಕನ್ನು ಬಾಯಿ ತನಕ ತುಂಬಿಸಿ ಮುಚ್ಚಳಕ್ಕೆ ಸೀಲ್ ಹಾಕುತ್ತಾರೆ. ಕುಶಾಲನಗರಕ್ಕೆ ಹೋಗಿ ಎರಡು ಗಂಟೆಯೊಳಗೆ ವಾಪಸ್ ಬರಬೇಕು. ಅದೇ ಬಂಕಿನಲ್ಲಿ ಮತ್ತೆ ತುಂಬಿಸಿದಾಗ ಎಷ್ಟು ಹಿಡಿಯಿತೋ ಅಷ್ಟು ಖರ್ಚು. ಗಾಡಿಯಲ್ಲಿ ಇಬ್ಬರು ಇರಲೇಬೇಕು. ಅಕ್ಕ ಬುದ್ಧಿವಂತೆ, ಸೊಂಟ ನೋವು ಅಂದುಬಿಟ್ಟಳು. ಉಳಿದವಳು ನಾನು.

ಪೆಟ್ರೋಲ್ ನೂರು ದಾಟಿದ ಮೇಲೆ ಎಲ್ಲರೂ ಸ್ವಲ್ಪ ಜಿಪುಣರಾಗಿದ್ದೇವೆ, ಒಪ್ಪುತ್ತೇನೆ. ಭಾವನದು ಅದಕ್ಕೂ ಹಿಂದಿನ ಕಾಯಿಲೆ. ಇಳಿಜಾರು ಕಂಡರೆ ಸಾಕು, ಕೈ ತಾನಾಗಿ ಗೇರಿಗೆ ಹೋಗಿ ನ್ಯೂಟ್ರಲ್‌ಗೆ ಬೀಳುತ್ತದೆ. ಕೊಡಗಿನಲ್ಲಿ ಇಳಿಜಾರಿಗೆ ಬರವೇ? "ಈಗಿನ ಗಾಡಿಗಳಲ್ಲಿ ಗೇರಿನಲ್ಲೇ ಇಟ್ಟು ಆಕ್ಸಿಲರೇಟರ್ ಬಿಟ್ಟರೆ ಪೆಟ್ರೋಲ್ ತಾನಾಗಿ ನಿಲ್ಲುತ್ತೆ ಭಾವ, ನ್ಯೂಟ್ರಲ್‌ನಲ್ಲೇ ಎಂಜಿನ್ ಉರಿಯೋಕೆ ಪೆಟ್ರೋಲ್ ಬೇಕು" ಎಂದು ಎಷ್ಟೋ ಸಲ ಹೇಳಿದ್ದೇನೆ. "ಅದೆಲ್ಲ ಪುಸ್ತಕದ ಬದನೆಕಾಯಿ ಮಾರಾಯ್ತಿ" ಅನ್ನುತ್ತಾರೆ. ಬ್ರೇಕ್ ಸುಟ್ಟ ವಾಸನೆ ಬಂದರೆ, ಯಾರದೋ ತೋಟದಲ್ಲಿ ಕಸ ಸುಡುತ್ತಿದ್ದಾರೆ ಅನ್ನುತ್ತಾರೆ.

ಸ್ಪರ್ಧೆಯ ಹಿಂದಿನ ದಿನ ಗಾಡಿಯ ಭಾರ ಇಳಿಸುವ ಕೆಲಸ. ಮ್ಯಾಟ್ ಹೋಯಿತು, ಛತ್ರಿ ಹೋಯಿತು, ಡ್ಯಾಶ್‌ಬೋರ್ಡಿನ ಗಣಪತಿಯೂ ಕೈಮುಗಿಸಿಕೊಂಡು ಇಳಿದ. ಆಮೇಲೆ ಭಾವ ನನ್ನನ್ನೇ ನೋಡತೊಡಗಿದರು.

"ನೀನು ಎಷ್ಟು ಇದ್ದೀಯ?"

ಹೆಂಗಸರನ್ನು ಹಾಗೆ ಕೇಳಬಾರದು ಎಂದು ಅಕ್ಕ ಒಳಗಿನಿಂದ ಕೂಗಿದಳು. ಸರಿ, ಕೇಳಲಿಲ್ಲ. ನೇರ ಕಾಫಿ ಒಣಗಿಸುವ ಕಣಕ್ಕೆ ಕರೆದುಕೊಂಡು ಹೋಗಿ ಕಾಫಿ ಮೂಟೆ ತೂಗುವ ತಕ್ಕಡಿಯ ಮೇಲೆ ನಿಲ್ಲಿಸಿದರು. ಕೆಲಸದವರೆಲ್ಲ ಸುತ್ತ ನಿಂತರು. ತೋಟದ ಲೆಕ್ಕ ಬರೆಯುವ ರೈಟರು ಅಭ್ಯಾಸಬಲದಿಂದ ಪೆನ್ನು ತೆಗೆದರು. ಅರವತ್ತೆಂಟು. "ಒಂದು ಮೂಟೆ, ಮೇಲೆ ಹದಿನೆಂಟು" ಎಂದು ಗಟ್ಟಿಯಾಗಿ ಓದಿದರು. ನಾನು ಮಳೆಯಲ್ಲಿ ನೆನೆದು ಬಂದಿದ್ದೆ. ಅದನ್ನು ನೋಡಿ ಬಹಳ ಗಂಭೀರವಾಗಿ, "ತೇವಾಂಶಕ್ಕೆ ಎಷ್ಟು ಕಳೆಯೋಣ ಸಾರ್?" ಅಂದರು. ಭಾವ ಯೋಚಿಸಿ ಒಂದು ಕೆಜಿ ಕಳೆದರು. ಹಿಂದಿನಿಂದ ಯಾರೋ "ಔಟ್‌ಟರ್ನ್ ಇಪ್ಪತ್ತಾರೂ ಬರಲಿಕ್ಕಿಲ್ಲ" ಅಂದದ್ದು ನನಗೆ ಸರಿಯಾಗಿಯೇ ಕೇಳಿಸಿತು. ಐವತ್ತು ಕೆಜಿ ಚೆರಿಯ, ಅಂದರೆ ಒಣಗಿದ ಕಾಫಿ ಹಣ್ಣಿನ, ಸಿಪ್ಪೆ ಬಿಡಿಸಿದರೆ ಎಷ್ಟು ಕೆಜಿ ಬೇಳೆ ಸಿಗುತ್ತೆ ಅನ್ನುವುದೇ ಔಟ್‌ಟರ್ನ್. ಇಪ್ಪತ್ತಾರೂ ಇಲ್ಲ ಅಂದರೆ ನನ್ನಲ್ಲಿ ಹೆಚ್ಚುಕಡಿಮೆ ಅರ್ಧ ಸಿಪ್ಪೆ!

ನಾನೂ ಬಿಡಲಿಲ್ಲ. ಎಣ್ಣೆ ಕಂಪನಿ ಶೆಲ್ ನಡೆಸುವ ಮೈಲೇಜ್ ಸ್ಪರ್ಧೆ ಇಕೋ ಮ್ಯಾರಥಾನ್‌ನಲ್ಲಿ ಪುಟ್ಟ ಗಾಡಿ ಓಡಿಸುವವರು ಕನಿಷ್ಠ 50 ಕೆಜಿ ಇರಲೇಬೇಕು, ಕಡಿಮೆಯಿದ್ದರೆ ಭಾರ ಕಟ್ಟಿ ಕೂರಿಸುತ್ತಾರೆ ಎಂದೆ. ಅದೇ ತಪ್ಪಾಯಿತು. ರಾತ್ರಿ ಊಟದ ತನಕ ಭಾವನ ಪಾಠ ನಡೆಯಿತು. 1939ರಲ್ಲಿ ಅಮೆರಿಕದ ವುಡ್ ರಿವರ್‌ನಲ್ಲಿ ಆ ಕಂಪನಿಯ ಪ್ರಯೋಗಾಲಯದವರು ಯಾರ ಕಾರು ಕಡಿಮೆ ಎಣ್ಣೆಯಲ್ಲಿ ಜಾಸ್ತಿ ಓಡುತ್ತೆ ಅಂತ ತಮ್ಮತಮ್ಮಲ್ಲೇ ಪಂಥ ಕಟ್ಟಿದರಂತೆ. ಗೆದ್ದದ್ದು ನಮ್ಮ ಲೆಕ್ಕದಲ್ಲಿ ಲೀಟರಿಗೆ ಸುಮಾರು 21 ಕಿಲೋಮೀಟರ್. "ನನ್ನದು ದಿನಾ ಅಷ್ಟು ಕೊಡುತ್ತೆ!" 2005ರಲ್ಲಿ ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಪ್ಯಾಕ್ ಕಾರ್ 2 ಎಂಬ ಗಾಡಿ ಹೈಡ್ರೋಜನ್‌ನಲ್ಲಿ ಓಡಿ, ಒಂದು ಲೀಟರ್ ಪೆಟ್ರೋಲಿಗೆ ಸಮ ಮಾಡಿ ನೋಡಿದರೆ 5,385 ಕಿಲೋಮೀಟರ್ ಕೊಟ್ಟಿತು. ಇಲ್ಲಿಂದ ಬೆಂಗಳೂರಿಗೆ ಹತ್ತು ಸಲ ಹೋಗಿ ಬರಬಹುದು. ಆದರೆ ಅದರೊಳಗೆ ಚಾಲಕ ಮಲಗಿಕೊಂಡೇ ಓಡಿಸಬೇಕು. ಭಾವ ನಮ್ಮ ಕಾರಿನ ಸೀಟನ್ನೇ ದಿಟ್ಟಿಸಿದಾಗ ನಾನು ಎದ್ದು ಮಲಗಲು ಹೋದೆ.

ಬೆಳಿಗ್ಗೆ ಮೈದಾನದಲ್ಲಿ ಬ್ಯಾಟರಿ ಸ್ಕೂಟರು, ಬ್ಯಾಟರಿ ಆಟೋ, ಕಾಲೇಜು ಹುಡುಗರು ಸೈಕಲ್ ಚಕ್ರ ಹಾಕಿ ಮಾಡಿದ ಮೂರು ಕಾಲಿನ ಗಾಡಿ, ಎಲ್ಲ ಸಾಲಾಗಿ ನಿಂತಿದ್ದವು. ಪರಿಸರ ಉಳಿಸಿ ಎಂಬ ಭಾಷಣ ಯಾರಿಗೂ ಕೇಳಿಸಲಿಲ್ಲ. ಮೈಕಿಗೆ ಕರೆಂಟು ಕೊಡುತ್ತಿದ್ದ ಡೀಸೆಲ್ ಜನರೇಟರ್ ಅಷ್ಟು ಜೋರಾಗಿ ಗುಡುಗುತ್ತಿತ್ತು. ಒಬ್ಬರು ತಮ್ಮ ಎಲೆಕ್ಟ್ರಿಕ್ ಕಾರು ಘಾಟಿ ಇಳಿಯುವಾಗ ಬ್ಯಾಟರಿ ತಾನೇ ತುಂಬಿಕೊಳ್ಳುತ್ತೆ ಅಂದರು. ಭಾವನ ಮುಖ ಸಣ್ಣದಾಯಿತು. ಇಷ್ಟು ವರ್ಷ ಇವರು ಪುಕ್ಕಟೆ ಇಳಿಯುತ್ತಿದ್ದೇನೆ ಎಂದುಕೊಂಡಿದ್ದರು. ಆ ಕಾರಿಗೆ ಇಳಿದದ್ದಕ್ಕೆ ಸಂಬಳ!

ಹೊರಟೆವು. ಸೋನೆ ಮಳೆ. ಎಸಿ ಹಾಕುವಂತಿಲ್ಲ, ಪೆಟ್ರೋಲ್ ಹೋಗುತ್ತೆ. ಗಾಜು ಇಳಿಸುವಂತಿಲ್ಲ, ಗಾಳಿ ತಡೆಯುತ್ತೆ. ಎರಡೇ ನಿಮಿಷಕ್ಕೆ ಎದುರಿನ ಗಾಜು ಹಾಲಿನ ಹಾಗಾಯಿತು. ನನ್ನ ಕೈಗೆ ಟವೆಲ್ ಬಂತು. ಭಾವನ ಎದುರಿಗೆ ಒರೆಸಿದರೆ ನನ್ನ ಎದುರಿಗೆ ಮಂಜು, ಇಲ್ಲಿ ಒರೆಸಿದರೆ ಅಲ್ಲಿ ಮಂಜು. "ಉಸಿರು ಸ್ವಲ್ಪ ಕಡಿಮೆ ಬಿಡು" ಅಂದರು. ಬೋಯಿಕೇರಿ ಹತ್ತಿರ ಇದ್ದಕ್ಕಿದ್ದಂತೆ ಎಲ್ಲ ಶಾಂತವಾಯಿತು. ಪುಣ್ಯಾತ್ಮರು ಎಂಜಿನ್ನನ್ನೇ ಆರಿಸಿದ್ದರು! ಎಂಜಿನ್ ಆರಿದರೆ ಬ್ರೇಕ್ ಪೆಡಲ್ ಕಲ್ಲಿನ ಹಾಗಾಗುತ್ತೆ. ನಾನು ಕಿರುಚಿದ ಕಿರುಚಿಗೆ ಮತ್ತೆ ಸ್ಟಾರ್ಟ್ ಮಾಡಿದರು. ಅದಕ್ಕೆ ಖರ್ಚಾದ ಪೆಟ್ರೋಲನ್ನು ಇವತ್ತಿಗೂ ನನ್ನ ಲೆಕ್ಕಕ್ಕೇ ಬರೆಯುತ್ತಾರೆ.

ಬರುವಾಗ ಪೂರ್ತಿ ಏರು. ಆನೆಕಾಡಿನಿಂದಲೇ ನಮ್ಮ ಹಿಂದೆ ಮೆರವಣಿಗೆ ಕಟ್ಟಿತು. ಸುಂಟಿಕೊಪ್ಪದಲ್ಲಿ ಬಿಸಿ ಕಾಫಿಯ ವಾಸನೆ ಬಂತು, ನಿಲ್ಲಿಸಲಿಲ್ಲ. ಕೆದಕಲ್ ದಾಟುವಾಗ ಒಬ್ಬ ಬಸ್ಸಿನ ಡ್ರೈವರ್ ಪಕ್ಕಕ್ಕೆ ಬಂದು, "ಗಾಡಿ ಕೆಟ್ಟಿದ್ಯಾ? ತಳ್ಳಬೇಕಾ?" ಎಂದು ನಿಜವಾದ ಕನಿಕರದಿಂದ ಕೇಳಿದ.

ಬಂಕಿನ ಸಾಲಿನಲ್ಲಿ ಕಾಯುವಾಗ ಭಾವನ ಪೆಟ್ರೋಲ್ ಪುಸ್ತಕ ತಿರುವಿ ಹಾಕಿದೆ. ಇಪ್ಪತ್ತು ವರ್ಷದ ಲೆಕ್ಕ ಇದೆ ಅದರಲ್ಲಿ. ತಾರೀಕು, ಲೀಟರು, ಕಿಲೋಮೀಟರು. ಒಂದು ದಿನ ತಪ್ಪಿಲ್ಲ. 2018ರ ಆಗಸ್ಟ್‌ನಲ್ಲಿ ಮಾತ್ರ ಒಂದು ಪುಟ ಖಾಲಿ. ಗುಡ್ಡಗಳು ಕುಸಿದ ಆ ವಾರ ಭಾವ ಹಳೇ ಜೀಪಿನಲ್ಲಿ, ಫಸ್ಟ್ ಗೇರಿನಲ್ಲೇ, ಕೆಸರಿನಲ್ಲಿ ಹಗಲು ರಾತ್ರಿ ಜನರನ್ನು ಮಡಿಕೇರಿಗೆ ತಂದು ಬಿಡುತ್ತಿದ್ದರು. ಎಷ್ಟು ಡೀಸೆಲ್ ಹೋಯಿತೆಂದು ಅವರು ಬರೆಯಲಿಲ್ಲ. ನಾನು ಪುಸ್ತಕ ಮುಚ್ಚಿ, ಕೇಳದೆಯೇ ಇನ್ನೊಂದು ಸಲ ಗಾಜು ಒರೆಸಿದೆ.

ಲೆಕ್ಕ ಬಂತು. ಲೀಟರಿಗೆ ಇಪ್ಪತ್ತನಾಲ್ಕೂವರೆ, ಎಲ್ಲರಿಗಿಂತ ಜಾಸ್ತಿ. ಆದರೆ ನಾವು ತೆಗೆದುಕೊಂಡದ್ದು ಎರಡು ಗಂಟೆ ಒಂಬತ್ತು ನಿಮಿಷ. ಅನರ್ಹ. ಸಮಾಧಾನಕ್ಕೆ ಒಂದು ಸಿಲ್ವರ್ ಓಕ್ ಸಸಿ ಕೊಟ್ಟರು. ತೋಟದ ತುಂಬ ಸಿಲ್ವರ್ ಓಕ್ ಇರುವ ಮನುಷ್ಯನಿಗೆ! ಆ ಸಸಿಯ ತೂಕ ಜಾಸ್ತಿಯಾಗುತ್ತೆ ಅಂತ ನನ್ನ ಕೈಗೆ ಕೊಟ್ಟು, ಆಟೋದಲ್ಲಿ ಮನೆಗೆ ಹೋಗು ಅಂದರು.

ಇವತ್ತು ಬೆಳಿಗ್ಗೆ ಫೋನ್ ಬಂತು. ಕೈ ನೋವು ಹೇಗಿದೆ ಎಂದು ಕೇಳುತ್ತಾರೇನೋ ಅಂದುಕೊಂಡೆ.

"ಮುಂದಿನ ವರ್ಷಕ್ಕೂ ಹೆಸರು ಕೊಟ್ಟಿದ್ದೇನೆ. ಅಷ್ಟರಲ್ಲಿ ನೀನು ಸ್ವಲ್ಪ ಒಣಗು, ಆಯ್ತಾ?"