ಕಿಟ್ ಇಲ್ಲದ ಪೆನ್ನಿಗೇ ಬೇರೆ ಸ್ಪರ್ಧೆ ಬೇಕಾ? ಪರ-ವಿರೋಧ

ಅಮೆರಿಕ, ಬ್ರಿಟನ್ ಕಡೆ ಮನೆಯ ಲೇತ್ ಮೇಲೆ ಪೆನ್ ಕಡೆಯುವ ಹವ್ಯಾಸಿಗಳು ತುಂಬಾ ಜನ. ಬಹುತೇಕರು ಶುರು ಮಾಡುವುದು ಕಿಟ್‌ನಿಂದ. ಹಿತ್ತಾಳೆ ಕೊಳವೆ, ಕ್ಲಿಪ್, ಮೂತಿ, ನಡುವಿನ ಬಳೆ, ತಿರುಗಿಸಿದರೆ ರೀಫಿಲ್ ಹೊರಗೆ ಬರುವ ವ್ಯವಸ್ಥೆ, ಎಲ್ಲ ಒಂದು ಪುಟ್ಟ ಕವರ್‌ನಲ್ಲಿ ಸಿಗುತ್ತದೆ. ಮೈ ಮಾತ್ರ ನಾವು ಕಡೆಯಬೇಕು. ಇದ್ಯಾವುದನ್ನೂ ಮುಟ್ಟದೆ ಮುಚ್ಚಳ, ಮೈ, ಬೆರಳಿಡುವ ಸೆಕ್ಷನ್ ಮೂರನ್ನೂ ಉದ್ದನೆಯ ಕಡ್ಡಿಯಿಂದ ಕಡೆದು, ಥ್ರೆಡ್ಡನ್ನೂ (ತಿರುಪಿನ ಎಳೆ) ತಾವೇ ಹಾಕಿ ಮಾಡಿದ ಪೆನ್ನಿಗಷ್ಟೇ ಮೀಸಲಾದ ಸ್ಪರ್ಧೆಗಳೂ ಅವರಲ್ಲಿವೆ. ಹೀಗೆ ಕಿಟ್‌ಗೆ ಬಾಗಿಲು ಹಾಕುವುದು ಸರಿಯಾ? ಇಬ್ಬರ ಮಾತು ಕೆಳಗಿದೆ.

ಪರ: ಬೇಕು, ನಿಯಮ ಸಡಿಲ ಮಾಡಲೂಬಾರದು

ಮೊದಲು ಕಿಟ್ ಪೆನ್ ಹೇಗೆ ತಯಾರಾಗುತ್ತದೆ ನೋಡೋಣ. ಎಲ್ಲಕ್ಕಿಂತ ಜಾಸ್ತಿ ಮಾಡುವುದು ಸ್ಲಿಮ್‌ಲೈನ್ ಅನ್ನುವ ಮಾದರಿಯನ್ನು. ಮರದ ಎರಡು ತುಂಡಿಗೆ 7 ಮಿ.ಮೀ. ತೂತು ಕೊರೆಯುತ್ತೀರಿ. ಹಿತ್ತಾಳೆ ಕೊಳವೆಗೆ ಅಂಟು ಹಚ್ಚಿ ಒಳಗೆ ತಳ್ಳುತ್ತೀರಿ. ತುದಿ ಸಮ ಮಾಡಿ, ಲೇತ್‌ನ ಮ್ಯಾಂಡ್ರೆಲ್ ಅನ್ನುವ ಸರಳಿಗೆ ಪೋಣಿಸಿ, ಎರಡೂ ಪಕ್ಕ ಬುಶ್ ಅನ್ನುವ ಲೋಹದ ಬಳೆ ಹಾಕುತ್ತೀರಿ. ಇಲ್ಲಿಂದ ಮುಂದೆ ಉಳಿ ಎಲ್ಲಿಗೆ ನಿಲ್ಲಬೇಕು ಅಂತ ಹೇಳುವುದು ಬುಶ್. ಮರವನ್ನು ಬುಶ್‌ನ ಮಟ್ಟಕ್ಕೆ ಇಳಿಸಿದರೆ ಆಯಿತು, ಕಿಟ್‌ನ ಲೋಹದ ಭಾಗ ಸರಿಯಾಗಿ ಕೂರುತ್ತದೆ. ಉಜ್ಜಿ, ಪಾಲಿಶ್ ಮಾಡಿ, ಪ್ರೆಸ್‌ನಲ್ಲಿ ಒತ್ತಿದರೆ ಪೆನ್ ರೆಡಿ.

ಇದು ಸುಲಭ ಅಂತ ನಾನು ಹೀಗಳೆಯುತ್ತಿಲ್ಲ. ನಾನೂ ಕಲಿತದ್ದು ಹೀಗೇ. ಆದರೆ ಈ ಪೆನ್ನು ಎಷ್ಟು ದಪ್ಪ ಇರಬೇಕು, ಬೆರಳು ಎಲ್ಲಿ ನಿಲ್ಲಬೇಕು, ಮೇಲಿನ ಅರ್ಧ ಎಷ್ಟು ಉದ್ದ, ತೂಕ ಯಾವ ಕಡೆಗೆ ಅನ್ನುವುದನ್ನೆಲ್ಲ ಕಿಟ್ ಮಾಡಿದ ಕಾರ್ಖಾನೆಯವರು ಆಗಲೇ ತೀರ್ಮಾನ ಮಾಡಿಬಿಟ್ಟಿರುತ್ತಾರೆ. ನಮ್ಮ ಪಾಲಿಗೆ ಉಳಿಯುವುದು ಬಣ್ಣ ಮತ್ತು ಹೊಳಪು. ಸ್ಪರ್ಧೆಯಲ್ಲಿ ಇಂಥ ನಲವತ್ತು ಪೆನ್ ಸಾಲಾಗಿ ಇಟ್ಟರೆ ತೀರ್ಪುಗಾರರ ಕಣ್ಣು ಹೋಗುವುದು ಚಿನ್ನದ ಲೇಪದ ಕಡೆಗೆ, ಕೆತ್ತನೆಯ ಕ್ಲಿಪ್ ಕಡೆಗೆ. ಅದನ್ನು ಮಾಡಿದವರು ಸ್ಪರ್ಧೆಯಲ್ಲೇ ಇಲ್ಲ.

ಕಿಟ್ ತೆಗೆದಿಡಿ, ಆಗ ಗೊತ್ತಾಗುತ್ತದೆ. ಕೈಯಲ್ಲಿರುವುದು ಎಬೊನೈಟ್ (ಗಟ್ಟಿ ಮಾಡಿದ ರಬ್ಬರ್) ಅಥವಾ ರೆಸಿನ್‌ನ ಒಂದು ಕಡ್ಡಿ ಅಷ್ಟೇ. ಸೆಕ್ಷನ್ನಿನ ಒಳಗೆ ನಿಬ್ ಯೂನಿಟ್ ಕೂರಬೇಕು. ಬರ್ಲಿನ್‌ನ ಯೋವೋ ಕಂಪನಿಯ ದೊಡ್ಡ ನಿಬ್ ಹಾಕುವುದಾದರೆ ಅದಕ್ಕೆ 7.4 ಮಿ.ಮೀ. ಅಗಲದ, 0.5 ಮಿ.ಮೀ. ಪಿಚ್‌ನ (ಒಂದು ಎಳೆಯಿಂದ ಪಕ್ಕದ ಎಳೆಗೆ ಇರುವ ಅಂತರ) ಥ್ರೆಡ್ ಬೇಕು. ಹೊರಗಡೆ ಬೆರಳಿಗೆ ಹಿತವಾಗಲಿ ಅಂತ 10.5 ಮಿ.ಮೀ.ಗೆ ಇಳಿಸಿದಿರಿ ಅಂದುಕೊಳ್ಳಿ, ಥ್ರೆಡ್ ಸುತ್ತ ಉಳಿಯುವ ಗೋಡೆ ಒಂದೂವರೆ ಮಿ.ಮೀ. ಚೂರು. ಇನ್ನೂ ಸ್ವಲ್ಪ ಆಸೆ ಮಾಡಿ ಉಳಿ ಒತ್ತಿದರೆ ಬಿರುಕು. ಬಿಟ್ಟರೆ ಪೆನ್ನು ಒರಟು. ಈ ನಿರ್ಧಾರವನ್ನು ನಿಮ್ಮ ಪರವಾಗಿ ಯಾರೂ ತೆಗೆದುಕೊಳ್ಳುವುದಿಲ್ಲ.

ನನಗೆ ತುಂಬಾ ಇಷ್ಟವಾದ ಕೆಲಸ ಮುಚ್ಚಳದ ಥ್ರೆಡ್. ಮಾಮೂಲಿ ಥ್ರೆಡ್ ಆದರೆ 0.8 ಮಿ.ಮೀ. ಪಿಚ್‌ನಲ್ಲಿ ಒಂದು ಸುತ್ತಿಗೆ ಮುಚ್ಚಳ ಅಷ್ಟೇ ಇಳಿಯುತ್ತದೆ, ತಿರುಗಿಸಿ ತಿರುಗಿಸಿ ಸಾಕಾಗುತ್ತದೆ. ಅದಕ್ಕೇ ಮೂರು ಬಾಯಿಯ ಥ್ರೆಡ್ ಹಾಕುತ್ತಾರೆ. ಮೂರು ಎಳೆ ಒಟ್ಟೊಟ್ಟಿಗೆ ಸುತ್ತಿಕೊಂಡಿರುವುದರಿಂದ ಒಂದು ಸುತ್ತಿಗೆ 2.4 ಮಿ.ಮೀ. ಇಳಿದು ಬೇಗ ಬಿಗಿಯಾಗುತ್ತದೆ. ಆದರೆ ಮುಚ್ಚಳ ಮೂರು ಕಡೆಯಿಂದ ಒಳಗೆ ಹೋಗಬಲ್ಲದು, ಅಂದರೆ ಮೂರು ಬೇರೆ ಬೇರೆ ಜಾಗದಲ್ಲಿ ಬಂದು ನಿಲ್ಲುತ್ತದೆ. ಪಟ್ಟೆ ಪಟ್ಟೆಯ ಎಬೊನೈಟ್ ಆಗಿದ್ದರೆ ಮೂರರಲ್ಲಿ ಒಂದು ಜಾಗದಲ್ಲಿ ಮಾತ್ರ ಮೈಯ ಪಟ್ಟೆ ಮುಚ್ಚಳದ ಪಟ್ಟೆಗೆ ಸೇರಿಕೊಳ್ಳಬೇಕು. ಅದು ಸೇರುವ ಹಾಗೆ ಅಂಚನ್ನು ಕೂದಲೆಳೆಯಷ್ಟು ಕಡೆದು, ತಿರುಗಿಸಿ ನೋಡಿ, ಮತ್ತೆ ಕಡೆದು ಮಾಡಬೇಕು. ಜಾಸ್ತಿ ಹೋದರೆ ವಾಪಸ್ ಬರುವ ದಾರಿ ಇಲ್ಲ. ಒಬ್ಬ ಕಸುಬುದಾರನ ತಾಳ್ಮೆ, ಕೈ, ಕಣ್ಣು ಮೂರನ್ನೂ ಆ ಒಂದು ಜೋಡಣೆಯಲ್ಲಿ ನೋಡಬಹುದು. ಇದಕ್ಕೆ ಬಹುಮಾನ ಕೊಡಲು ಒಂದು ಜಾಗ ಬೇಡವಾ?

‘ನಿಬ್ಬನ್ನು ಕೊಂಡು ತರುತ್ತೀರಲ್ಲ, ಹಾಗಿದ್ದ ಮೇಲೆ ಕಿಟ್‌ಗೇನು ಕಷ್ಟ’ ಅಂತ ಕೇಳುತ್ತಾರೆ. ವೀಣೆ ಮಾಡುವವರು ತಂತಿ ಎಳೆಯುವುದಿಲ್ಲ, ಆದರೂ ಆ ವೀಣೆ ಅವರದೇ. ನಿಬ್ ಮಾಡುವುದು ಬೇರೆಯೇ ವಿದ್ಯೆ. ಜಪಾನಿನ ನಕಾಯ ಪೆನ್ನುಗಳು ಎಬೊನೈಟ್‌ನಲ್ಲಿ ಕಡೆದು ಉರುಶಿ ಅನ್ನುವ ಮರದ ರಸದ ಮೆರುಗು ಬಳಿದವು, ಕೈಕೆಲಸಕ್ಕೆ ದೊಡ್ಡ ಹೆಸರು. ಅವುಗಳ ನಿಬ್ ಪ್ಲಾಟಿನಂ ಕಂಪನಿಯದು. ಹೈಡೆಲ್‌ಬರ್ಗ್‌ನ ಬಾಕ್ ಕಂಪನಿ 1939ರಿಂದ ನಿಬ್ ಮಾಡಿ ಎಷ್ಟೋ ಪೆನ್ ಬ್ರ್ಯಾಂಡ್‌ಗಳಿಗೆ ಕೊಡುತ್ತಾ ಬಂದಿದೆ. ಹಾಗಾಗಿ ನಿಬ್, ಇಂಕ್ ಎಳೆಯುವ ಕನ್ವರ್ಟರ್, ರೀಫಿಲ್ ಇಷ್ಟಕ್ಕೆ ವಿನಾಯಿತಿ ಕೊಟ್ಟು ಉಳಿದದ್ದೆಲ್ಲ ನಿಮ್ಮ ಕೈಯಿಂದ ಬರಲಿ ಅನ್ನುವುದು ನ್ಯಾಯವಾದ ಗೆರೆಯೇ.

ನಮ್ಮ ದೇಶದವರಿಗೆ ಇದರಲ್ಲಿ ಹೊಸದೇನೂ ಇಲ್ಲ ಅನ್ನುವುದನ್ನೂ ಹೇಳಬೇಕು. ರಾಜಮಂಡ್ರಿಯಲ್ಲಿ ಕೆ.ವಿ. ರತ್ನಂ 1932ರ ಹೊತ್ತಿಗೇ ಸ್ವದೇಶಿ ಪೆನ್ ಮಾಡಲು ಇಳಿದಿದ್ದರು. ಅವರ ಪೆನ್ನು ಗಾಂಧೀಜಿಗೆ ಜೆ.ಸಿ. ಕುಮಾರಪ್ಪನವರ ಮೂಲಕ ತಲುಪಿ, 1935ರಲ್ಲಿ ಗಾಂಧೀಜಿ ಮೆಚ್ಚಿ ಕಾಗದ ಬರೆದರು. ತಮಿಳುನಾಡಿನ ತಿರುವಳ್ಳೂರಿನಲ್ಲಿ ರಂಗಾ ಪೆನ್‌ನವರು ಇವತ್ತಿಗೂ ಎಬೊನೈಟ್ ಕಡ್ಡಿಯನ್ನು ಲೇತ್ ಮೇಲೆ ಕೈಯಲ್ಲೇ ಕಡೆಯುತ್ತಾರೆ. ಇಲ್ಲಿ ಕೈಯಲ್ಲಿ ಮಾಡಿದ ಪೆನ್ ಅಂದರೆ ಕಡ್ಡಿಯಿಂದ ಕಡೆದ ಪೆನ್ನೇ. ಅಮೆರಿಕದ ಹವ್ಯಾಸಿ ಕಿಟ್‌ನಿಂದ ಶುರು ಮಾಡಿ, ಸುತ್ತಿ ಬಳಸಿ ಈ ಕೆಲಸಕ್ಕೆ ಬರುತ್ತಾನೆ. ಅವನನ್ನು ಇಲ್ಲಿಗೆ ಎಳೆದು ತರುವುದೇ ಇಂಥ ಸ್ಪರ್ಧೆ. ‘ಕಿಟ್ ಕೂಡ ನಡೆಯುತ್ತೆ’ ಅಂದ ದಿನ ಮುಕ್ಕಾಲು ಜನ ಕಿಟ್‌ಗೇ ವಾಪಸ್ ಹೋಗುತ್ತಾರೆ, ಅದರಲ್ಲಿ ನನಗೆ ಅನುಮಾನ ಇಲ್ಲ.

ವಿರೋಧ: ಗೆರೆಯನ್ನು ತಪ್ಪು ಜಾಗದಲ್ಲಿ ಎಳೆದಿದ್ದಾರೆ

ಕಿಟ್ ಇಲ್ಲದ ಪೆನ್ ಚೆನ್ನಾಗಿರುವುದಿಲ್ಲ ಅಂತ ಯಾರೂ ಹೇಳುತ್ತಿಲ್ಲ. ನನ್ನ ಹತ್ತಿರ ಅಂಥ ಒಂದು ಎಬೊನೈಟ್ ಪೆನ್ನಿದೆ, ದಿನಾ ಅದರಲ್ಲೇ ಬರೆಯುತ್ತೇನೆ. ನನ್ನ ತಕರಾರು ನಿಯಮದ ಮೇಲೆ. ಕಿಟ್ ಇದೆಯೋ ಇಲ್ಲವೋ ಅನ್ನುವ ಒಂದೇ ಪ್ರಶ್ನೆಯಿಂದ ಕೈಕೆಲಸವನ್ನು ಅಳೆಯಲು ಹೊರಟರೆ ನಿಜವಾದ ಕೈಕೆಲಸ ಎಷ್ಟೋ ಸಲ ಹೊರಗೇ ಉಳಿಯುತ್ತದೆ.

ಒಂದು ಕೆಲಸವನ್ನು ಹತ್ತಿರದಿಂದ ನೋಡಿ. ಮರದ ಪೆನ್ನಿನ ಮೈ ಮೇಲೆ ಸೆಲ್ಟಿಕ್ ಗಂಟು ಅಂತ ಒಂದು ವಿನ್ಯಾಸ ಮಾಡುತ್ತಾರೆ, ಉಂಗುರಗಳು ಒಂದರೊಳಗೊಂದು ಹೆಣೆದುಕೊಂಡ ಹಾಗೆ ಕಾಣುತ್ತದೆ. ಚೌಕದ ಮರದ ತುಂಡನ್ನು ಓರೆಯಾಗಿ ಕೊಯ್ದು, ಆ ಸೀಳಿನಲ್ಲಿ ಬೇರೆ ಬಣ್ಣದ ಮರದ ತೆಳು ಪಟ್ಟಿ ಇಟ್ಟು ಅಂಟಿಸಬೇಕು. ಒಣಗಿದ ಮೇಲೆ ಕಾಲು ಸುತ್ತು ತಿರುಗಿಸಿ ಅದೇ ಓರೆಯಲ್ಲಿ, ಅದೇ ಜಾಗದಲ್ಲಿ ಮತ್ತೆ ಕೊಯ್ಯಬೇಕು. ಹೀಗೆ ನಾಲ್ಕು ಸಲ. ಪಟ್ಟಿಯ ದಪ್ಪ ಗರಗಸ ತಿಂದ ಮರದಷ್ಟೇ ಇರಬೇಕು. ಸ್ವಲ್ಪ ಹೆಚ್ಚಾದರೂ ಕಡಿಮೆಯಾದರೂ ಮೊದಲು ಹಾಕಿದ ಪಟ್ಟಿ ಮುರಿದ ಗೆರೆಯ ಹಾಗೆ ಜರುಗಿ, ಉಂಗುರ ಉಂಗುರವಾಗಿ ಉಳಿಯುವುದಿಲ್ಲ. ಇದು ಗೊತ್ತಾಗುವುದು ಎಲ್ಲ ಮುಗಿದು, ಲೇತ್ ಮೇಲೆ ದುಂಡಗೆ ಕಡೆದಾಗ. ಇಷ್ಟು ಮಾಡಿದವರು ಕೊನೆಗೆ ಒಳಗೆ ಒಂದು ಹಿತ್ತಾಳೆ ಕೊಳವೆ ಹಾಕಿ ಕಿಟ್ ಕೂರಿಸಿದರು ಅಂತ ಅವರನ್ನು ಬಾಗಿಲಲ್ಲೇ ನಿಲ್ಲಿಸುತ್ತೀರಿ. ಅಂಗಡಿಯಿಂದ ಬಣ್ಣದ ರೆಸಿನ್ ಕಡ್ಡಿ ತಂದು, ಕೊಂಡ ಡೈಯಿಂದ (ಥ್ರೆಡ್ ಕೊರೆಯುವ ಸಲಕರಣೆ) ಥ್ರೆಡ್ ಹಾಕಿ, ಕೊಂಡ ನಿಬ್ ಸಿಕ್ಕಿಸಿದವರು ಒಳಗೆ! ಇದನ್ನು ನಾನು ನ್ಯಾಯ ಅಂತ ಒಪ್ಪಲಾರೆ.

ಥ್ರೆಡ್ಡಿನ ಬಗ್ಗೆಯೂ ಸ್ವಲ್ಪ ಯೋಚಿಸಿ. ಪರವಾಗಿ ಬರೆದವರು ಮೂರು ಬಾಯಿಯ ಥ್ರೆಡ್ಡನ್ನು ಕೈಚಳಕದ ಪರೀಕ್ಷೆ ಅಂದರು. ಪಟ್ಟೆ ಸೇರಿಸುವುದು ಖಂಡಿತ ಕೈಚಳಕ. ಆದರೆ ಥ್ರೆಡ್ಡಿನ ಲೆಕ್ಕಾಚಾರವನ್ನೆಲ್ಲ ಆ ಟ್ಯಾಪ್ (ಒಳಗಡೆ ಥ್ರೆಡ್ ಕೊರೆಯುವುದು) ಮತ್ತು ಡೈ (ಹೊರಗಡೆ ಕೊರೆಯುವುದು) ಮಾಡಿದವರು ಆಗಲೇ ಮಾಡಿಟ್ಟಿದ್ದಾರೆ, ಬುಶ್ ಮಾಡಿದ ಕಾರ್ಖಾನೆಯವರ ಹಾಗೆಯೇ. ಅಂಥ ಡೈ ಮಾಮೂಲಿ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವುದಿಲ್ಲ, ವಿಶೇಷವಾಗಿ ಮಾಡಿಸಿ ತರಿಸಬೇಕು, ಒಂದು ಜೊತೆಯ ದುಡ್ಡಿಗೆ ಸ್ಲಿಮ್‌ಲೈನ್ ಕಿಟ್ ಡಜನ್‌ಗಟ್ಟಲೆ ಬರುತ್ತದೆ. ಹಾಗಾದರೆ ಕಿಟ್ ಬೇಡ ಅನ್ನುವ ನಿಯಮ ಕೊನೆಗೆ ಯಾರನ್ನು ಆರಿಸುತ್ತದೆ? ಸಲಕರಣೆಗೆ ದುಡ್ಡು ಹಾಕಬಲ್ಲವರನ್ನು. ಕೈ ಪಳಗಿದೆ, ಜೇಬಲ್ಲಿ ದುಡ್ಡಿಲ್ಲ ಅನ್ನುವವರನ್ನು ಅದು ಮೊದಲೇ ಹೊರಗೆ ಹಾಕುತ್ತದೆ.

ಚನ್ನಪಟ್ಟಣದ ಬೊಂಬೆ ಕೆಲಸದವರನ್ನು ನೆನಪಿಸಿಕೊಳ್ಳಿ. ಆಲೆ ಮರವನ್ನು ಲೇತ್‌ಗೆ ಕಟ್ಟಿ, ಉಳಿಯಲ್ಲಿ ರೂಪ ಕೊಟ್ಟು, ಮರ ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ತಿರುಗುವ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ, ಮೇಲೆ ತಾಳೆಗರಿ ಒತ್ತಿದರೆ ಕನ್ನಡಿಯ ಹೊಳಪು. ಅಳತೆಗೋಲು ಮುಟ್ಟದೆ ಒಂದೇ ಅಳತೆಯ ಹತ್ತಾರು ತುಂಡು ಕಡೆಯುವ ಕಣ್ಣು ಅವರದು. ಅವರಲ್ಲೊಬ್ಬರು ಒಂದು ಕಿಟ್ ತೆಗೆದುಕೊಂಡು ಅರಗಿನ ಪೆನ್ ಮಾಡಿದರೆ ಜಗತ್ತಿನ ಯಾವ ಹವ್ಯಾಸಿಯ ಪೆನ್ನಿನ ಪಕ್ಕದಲ್ಲಾದರೂ ಇಡಬಹುದು. ಆದರೆ ಅವರದು ಮರಗೆಲಸ. ಮರಕ್ಕೆ ಸಣ್ಣ ಥ್ರೆಡ್ ಹಾಕಿದರೆ ಪುಡಿಯಾಗಿ ಉದುರುತ್ತದೆ, ಇಂಕ್ ತಾಗಿದರೆ ಮರ ಊದುತ್ತದೆ, ಅದಕ್ಕೇ ಒಳಗೆ ಕೊಳವೆಯೋ ಬೇರೆ ವಸ್ತುವಿನ ಪದರವೋ ಬೇಕೇ ಬೇಕು. ಎಬೊನೈಟ್ ಆದರೆ ಥ್ರೆಡ್ಡನ್ನು ಚೆನ್ನಾಗಿ ಹಿಡಿಯುತ್ತದೆ, ಅಕ್ರಿಲಿಕ್ಕೂ ಹಿಡಿಯುತ್ತದೆ. ಅಂದರೆ ಈ ನಿಯಮ ಕೆಲವು ವಸ್ತುಗಳ ಪರ, ಮರದ ವಿರುದ್ಧ. ಪೆನ್ ಕಡೆಯುವ ಹವ್ಯಾಸ ಬೆಳೆದದ್ದೇ ಮರಗೆಲಸದವರ ಲೇತ್ ಮೇಲೆ ಅನ್ನುವಾಗ ಇದು ನನಗೆ ಬೇಸರದ ವಿಷಯ.

ವೀಣೆಯ ಮಾತು ಬಂತು. ವೀಣೆಯನ್ನು ನುಡಿಸಿ ನೋಡದೆ ಯಾರೂ ಒಳ್ಳೆಯ ವೀಣೆ ಅನ್ನುವುದಿಲ್ಲ, ಅಲ್ವಾ? ಇಂಥ ಸ್ಪರ್ಧೆಗಳಲ್ಲಿ ಎಷ್ಟೋ ಕಡೆ ತೀರ್ಪು ಕೊಡುವುದು ಫೋಟೋ ನೋಡಿ. ಪೆನ್ನು ಬರೆಯುತ್ತದೆಯೋ ಇಲ್ಲವೋ ಅನ್ನುವುದೇ ಲೆಕ್ಕಕ್ಕಿಲ್ಲ. ಫೌಂಟನ್ ಪೆನ್ನಿನ ಜೀವಾಳ ಇರುವುದು ಇಂಕ್ ಇಳಿದ ಹಾಗೆ ಅದೇ ದಾರಿಯಲ್ಲಿ ಗಾಳಿ ಮೇಲೆ ಹೋಗುವ ಹದದಲ್ಲಿ. ವಾಟರ್‌ಮನ್ 1884ರಲ್ಲಿ ಪೇಟೆಂಟ್ ತೆಗೆದುಕೊಂಡದ್ದು ಆ ಹದ ತರುವ, ನಿಬ್‌ಗೆ ಇಂಕ್ ಒಯ್ಯುವ ಫೀಡ್ ಅನ್ನುವ ಭಾಗಕ್ಕೆ. ಕಿಟ್ ಇಲ್ಲದ ಪೆನ್ನುಗಳಲ್ಲಿ ಬಹಳಷ್ಟು ಎಡವುವುದು ಇಂಥ ಕಡೆಯೇ. ಮುಚ್ಚಳದೊಳಗೆ ಗಾಳಿ ಆಡುವ ಹಾಗಿದ್ದರೆ ರಾತ್ರಿ ಮುಚ್ಚಿಟ್ಟ ಪೆನ್ನು ಬೆಳಿಗ್ಗೆ ಒಣಗಿರುತ್ತದೆ. ಮೈಗೆ ನೇರವಾಗಿ ಇಂಕ್ ತುಂಬುವ ಪೆನ್ನಾದರೆ ಇನ್ನೊಂದು ಪೀಡೆ: ಇಂಕ್ ಅರ್ಧಕ್ಕಿಂತ ಕೆಳಗೆ ಇಳಿದ ಮೇಲೆ ಒಳಗಿನ ಗಾಳಿ ಕೈಯ ಬಿಸಿಗೆ ಹಿಗ್ಗಿ, ಒಂದು ದಪ್ಪ ಹನಿ ಕಾಗದದ ಮೇಲೆ ಬೀಳುತ್ತದೆ. ಮೈಯ ಗೋಡೆ ಎಷ್ಟು ದಪ್ಪ ಬಿಟ್ಟಿದ್ದೀರಿ, ಫೀಡ್ ಎಷ್ಟು ಇಂಕ್ ತಡೆದು ಇಟ್ಟುಕೊಳ್ಳುತ್ತದೆ, ಥ್ರೆಡ್‌ಗೆ ಸಿಲಿಕೋನ್ ಗ್ರೀಸ್ ಸರಿಯಾಗಿ ಹಚ್ಚಿದ್ದೀರಾ, ಇವೆಲ್ಲ ಮಾಡಿದವರ ಕೈಗುಣ. ಫೋಟೋದಲ್ಲಿ ಒಂದೂ ಕಾಣುವುದಿಲ್ಲ.

ಕೊಂಡ ನಿಬ್ ಅಂತ ಎಲ್ಲರೂ ಸುಮ್ನೆ ದಾಟಿಬಿಡುತ್ತಾರೆ, ಅದೂ ಸರಿಯಲ್ಲ. ಕಾರ್ಖಾನೆಯಿಂದ ಬಂದ ನಿಬ್‌ನ ಸೀಳಿನ ಎರಡು ಪಕ್ಕದ ತುದಿ ಒಂದೇ ಮಟ್ಟದಲ್ಲಿ ಇಲ್ಲದಿದ್ದರೆ ಕಾಗದ ಕೆರೆಯುತ್ತದೆ. ಭೂತಗನ್ನಡಿಯ ಕೆಳಗೆ ಇಟ್ಟು, ಉಗುರಲ್ಲಿ ಹದವಾಗಿ ಒತ್ತಿ ಸರಿ ಮಾಡಿ, ಬರೆಯುವವರ ಕೈಯ ಓರೆಗೆ ತಕ್ಕ ಹಾಗೆ ತುದಿ ತೀಡುವವರಿದ್ದಾರೆ. ಅವರ ಕೆಲಸಕ್ಕೆ ಈ ನಿಯಮದಲ್ಲಿ ಒಂದು ಅಂಕವೂ ಇಲ್ಲ, ಯಾಕೆಂದರೆ ನಿಬ್ ವಿನಾಯಿತಿಯ ಪಟ್ಟಿಯಲ್ಲಿದೆ.

ಸ್ಪರ್ಧೆ ಮಾಡಿ, ಬೇಡ ಅನ್ನುವುದಿಲ್ಲ. ಕಿಟ್‌ಗೆ ಬಾಗಿಲು ಹಾಕುವ ಬದಲು ಯಾವ ಯಾವ ಭಾಗ ಕೊಂಡದ್ದು, ಯಾವುದು ತಾನು ಮಾಡಿದ್ದು ಅಂತ ಪ್ರತಿಯೊಬ್ಬರೂ ಪ್ರಾಮಾಣಿಕವಾಗಿ ಬರೆದು ಕೊಡಲಿ. ಮಾಡಿದ ಭಾಗಕ್ಕೆ ಅಂಕ ಕೊಡಿ, ಕೊಂಡ ಭಾಗಕ್ಕೆ ಸೊನ್ನೆ ಹಾಕಿ. ಕ್ಲಿಪ್ಪನ್ನು ತಾವೇ ಬಡಿದು ಮಾಡಿದವರಿಗೆ ಆಗ ತಾನಾಗಿಯೇ ಜಾಸ್ತಿ ಸಿಗುತ್ತದೆ, ಗಂಟು ಹೆಣೆದ ಮರದವರಿಗೂ ಸಿಗುತ್ತದೆ. ಕೊನೆಯ ಸುತ್ತಿಗೆ ಬಂದ ಪೆನ್ನುಗಳನ್ನು ಇಂಕ್ ಸಮೇತ ಪರೀಕ್ಷೆ ಮಾಡಲಿ. ತೀರ್ಪುಗಾರರು ಒಂದು ಪುಟ ಪೂರ್ತಿ ಬರೆಯಲಿ, ಮುಚ್ಚಿಟ್ಟು ಮಲಗಲಿ, ಬೆಳಿಗ್ಗೆ ಎದ್ದು ಮೊದಲ ಅಕ್ಷರ ಬರೆಯುವಾಗ ಇಂಕ್ ಬರುತ್ತದೆಯಾ ನೋಡಲಿ. ಬರದೆ ಇದ್ದರೆ, ಅದು ಕಡ್ಡಿಯಿಂದ ಕಡೆದದ್ದೇ ಆಗಿರಲಿ, ಆ ಪೆನ್ನಿಗೆ ಬಹುಮಾನ ಕೊಡುವುದು ಬೇಡ.