ಬದಲಾಗದ ಊರಿಗೆ ಶರಣು ಶರಣಾರ್ಥಿ

ಕಲಬುರಗಿಗೇ ಒಂದು ಪ್ರತ್ಯೇಕ ರೈಲ್ವೆ ವಿಭಾಗ ಕೊಡಿ ಅಂತ ಮತ್ತೊಂದು ಮನವಿ ಪತ್ರ ಸಲ್ಲಿಕೆಯಾಯಿತಂತೆ. ಪೇಪರಿನಲ್ಲಿ ಫೋಟೊ ಬಂದಿದೆ. ಕೊಡುವವರು ಒಂದು ಹಿಂಡು, ತೆಗೆದುಕೊಳ್ಳುವವರು ಒಬ್ಬರು, ಎಲ್ಲರ ಕಣ್ಣೂ ಕ್ಯಾಮೆರಾ ಮೇಲೆ. ಪತ್ರ ಮಾತ್ರ ಅನಾಥ. ನನಗೆ ಕಣ್ಣು ತುಂಬಿ ಬಂತು. ದುಃಖಕ್ಕಲ್ಲ ಮತ್ತೆ, ಖುಷಿಗೆ. ದುಡಿಯಲು ಮಸ್ಕತ್ತಿಗೆ ಹೋಗುವಾಗ ಓದಿದ್ದ ಸುದ್ದಿ, ಸಾಮಾನು ಕಟ್ಟಿಕೊಂಡು ಕಾಯಂ ಆಗಿ ವಾಪಸ್ ಬಂದ ಮೇಲೂ ಇದ್ದಲ್ಲೇ ಇದೆ ಅಂದರೆ ಸಾಮಾನ್ಯವೇ?

ಪರದೇಶದಿಂದ ಮರಳಿದವರದೆಲ್ಲ ಒಂದೇ ಗೋಳು: ಊರು ಮೊದಲಿನಂತಿಲ್ಲ. ಕ್ಯಾಂಪಿನಲ್ಲಿದ್ದ ಕೇರಳದವರು ರಜೆ ಮುಗಿಸಿ ಬಂದಾಗಲೆಲ್ಲ ಅತ್ತಿದ್ದೇ ಅತ್ತಿದ್ದು. ಗದ್ದೆ ಇದ್ದಲ್ಲಿ ಮಾಲ್ ಎದ್ದಿದೆ, ದೋಣಿ ಬಿಡುತ್ತಿದ್ದ ಕಡೆ ಸೇತುವೆ ಆಗಿದೆ ಅಂತ. ನಮ್ಮ ಕಲಬುರಗಿ ತನ್ನ ಮಕ್ಕಳಿಗೆ ಇಂಥ ಆಘಾತ ಕೊಡುವ ಪೈಕಿ ಅಲ್ಲ. ಗುಲ್ಬರ್ಗ ಹೋಗಿ 2014ರಲ್ಲಿ ಕಲಬುರಗಿ ಆಯಿತು, ಹೈದರಾಬಾದ್ ಕರ್ನಾಟಕ ಹೋಗಿ 2019ರಲ್ಲಿ ಕಲ್ಯಾಣ ಕರ್ನಾಟಕ ಆಯಿತು, ಬೋರ್ಡು ಬರೆಯುವವರಿಗೆ ಸುಗ್ಗಿ ಆಯಿತು. ಬೋರ್ಡಿನ ಹಿಂದೆ ಯಾರೂ ಕೈ ಹಾಕಿಲ್ಲ.

ಅಡಿಗಲ್ಲಿನ ವಿಚಾರವನ್ನೇ ತಗೊಳ್ಳಿ. 2014ರಲ್ಲಿ ನಮ್ಮ ಭಾಗದವರೇ ರೈಲ್ವೆ ಮಂತ್ರಿ ಇದ್ದಾಗ ವಿಭಾಗಕ್ಕೆ ಅಡಿಗಲ್ಲು ಬಿತ್ತು. ಆಮೇಲೆ ಅದರ ಮೇಲೆ ಇನ್ನೊಂದು ಕಲ್ಲು ಏರಲಿಲ್ಲ. 2025ರಲ್ಲೂ ಕಲಬುರಗಿಯವರು ಸೊಲ್ಲಾಪುರ ವಿಭಾಗಕ್ಕೆ, ಯಾದಗಿರಿಯವರು ಗುಂತಕಲ್ಲಿಗೆ, ಬೀದರದವರು ಸಿಕಂದರಾಬಾದಿಗೆ. ಪಕ್ಕಪಕ್ಕದ ಮೂರು ಜಿಲ್ಲೆ. ಅರ್ಜಿ ಹಿಡಿದು ಓಡುವುದು ಮೂರು ದಿಕ್ಕಿಗೆ. ಕೆಲವರಿಗೆ ತಾಳ್ಮೆ ಇಲ್ಲ, ಸುಮ್ಮನೆ ಬೈಯುತ್ತಾರೆ. ನಾನು ಲೆಕ್ಕ ಹಾಕಿದೆ. ಬೀದರ್–ಕಲಬುರಗಿ ರೈಲು ಮಾರ್ಗ 110 ಕಿಲೋಮೀಟರ್. ಮಂಜೂರಾಗಿದ್ದು ತೊಂಬತ್ತರ ದಶಕದಲ್ಲಿ, ಪೂರ್ತಿ ರೈಲು ಓಡಿದ್ದು 2017ರ ಅಕ್ಟೋಬರಿನಲ್ಲಿ. ವರ್ಷಕ್ಕೆ ಸುಮಾರು ಐದೂವರೆ ಕಿಲೋಮೀಟರ್! ಮೇಯುತ್ತ ಹೋಗುವ ಕುರಿ ಇದಕ್ಕಿಂತ ಮೊದಲೇ ಬೀದರ್ ಮುಟ್ಟಿ, ಕೋಟೆ ನೋಡಿ, ವಾಪಸ್ ಬರುತ್ತಿತ್ತು. ವಿಮಾನ ನಿಲ್ದಾಣಕ್ಕೆ 2008ರಲ್ಲಿ ಕಲ್ಲು ಹಾಕಿದರು, 2019ರ ನವೆಂಬರ್ 22ಕ್ಕೆ ಉದ್ಘಾಟನೆ. ಅಂದರೆ ವಿಮಾನದ ವೇಗದಲ್ಲಾದರೆ ರೈಲ್ವೆ ವಿಭಾಗ 2025ಕ್ಕೇ ಬರಬೇಕಿತ್ತು, ರೈಲಿನ ವೇಗದಲ್ಲಾದರೆ 2034ಕ್ಕೆ. ಅಷ್ಟರಲ್ಲಿ ಇನ್ನೊಂದು ಸಲ ಮಸ್ಕತ್ತಿಗೆ ಹೋಗಿ ಬರಬಹುದು.

ಹಾಗಂತ ಬಂದಿದ್ದಕ್ಕೆ ಬೇಜಾರಿಲ್ಲ. ಅಲ್ಲಿ ಪಕ್ಕದ ಫ್ಲ್ಯಾಟಿನವನ ಹೆಸರು ಕೊನೆವರೆಗೂ ಗೊತ್ತಾಗಲಿಲ್ಲ. ಇಲ್ಲಿ ಬೀಗ ತೆಗೆದ ಸಂಜೆಯೇ ಪಕ್ಕದ ಮನೆಯಾಕೆ ಸಜ್ಜಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ತಂದಿಟ್ಟಳು. ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆಯುತ್ತಲೇ, "ಅಣ್ಣಾರ, ಎಷ್ಟ್ ಮಾಡ್ಕೊಂಡು ಬಂದೀರಿ?" ನಾನು ಏನೋ ತೊದಲಿದೆ. ಮರುದಿನ ಬೆಳಿಗ್ಗೆ ಓಣಿಯ ಚಹಾದಂಗಡಿಯಲ್ಲಿ ನನ್ನ ಉಳಿತಾಯದ ಮೊತ್ತ ಖಚಿತವಾಗಿತ್ತು. ನಾನೂ ಕೇಳಿ ಸಂತೋಷಪಟ್ಟೆ.

ಅದಿರಲಿ, ಜಗತ್ ಸರ್ಕಲ್‌ನಲ್ಲಿ ಕೆಂಪು ದೀಪ ಕಂಡು ಗಾಡಿ ನಿಲ್ಲಿಸಿದೆ. ಅಭ್ಯಾಸಬಲ. ಹಿಂದಿನ ಆಟೊದವನು ಹಾರ್ನ್ ಹೊಡೆದೂ ಹೊಡೆದೂ ಕೊನೆಗೆ ಇಳಿದೇ ಬಂದ, ಪಾಪ, ನಿಜವಾದ ಕಾಳಜಿಯಿಂದ.

"ಯಾಕ್ರಿ ಕಾಕಾ, ಗಾಡಿ ಬಂದ್ ಬಿತ್ತೇನ್ರಿ?"

ಕೆಂಪು ಅದ ಅಂತ ಕೈ ತೋರಿಸಿದೆ.

"ಅದು ದಿನಾ ಇರ್ತದ್ರಿ. ನೀವ್ ನಡೀರಿ."

ನಡೆದೆ. ಮತ್ತೇನು ಮಾಡಲಿ?

ನಲ್ಲಿಯ ಮಾತು ಬಂದರೆ ಮಾತ್ರ ನಗುವುದು ಕಷ್ಟ. ಮಳೆಯ ಮುಖ ಅಪರೂಪಕ್ಕೆ ಕಾಣುವ ಮಸ್ಕತ್ತಿನಲ್ಲಿ ಸಮುದ್ರದ ಉಪ್ಪು ತೆಗೆದು ಮನೆಮನೆಗೆ ನೀರು ಬಿಡುತ್ತಾರೆ. ನಮಗೆ ಭೀಮಾ ಇದೆ, ಬೆಣ್ಣೆತೊರೆ ಇದೆ. ಜೊತೆಗೆ ನಲ್ಲಿಯ ಮುಂದೆ ಸಾಲಾಗಿ ಕೊಡಗಳೂ ಇವೆ. ನೀರು ಬರುವ ದಿನ ನೆಂಟರ ಮನೆಯ ಮದುವೆಗೂ ಹೋಗುವಂತಿಲ್ಲ. ಅಧಿಕಾರಿಗಳ ಮುತುವರ್ಜಿಯನ್ನು ಎಷ್ಟು ಹೊಗಳಿದರೂ... ಬೇಡ ಬಿಡಿ, ಹೊಗಳುವುದು ಸಾಕು.

2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ರಾಜ್ಯಕ್ಕೇ ಕೊನೆ ಯಾದಗಿರಿ. 2025ರಲ್ಲಿ ಕಲಬುರಗಿ, ಪಾಸಾದವರು ಶೇ 42ರ ಆಸುಪಾಸು. ಅರ್ಧಕ್ಕಿಂತ ಹೆಚ್ಚು ಮಕ್ಕಳು ಫೇಲು. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ಬಂದು ಹತ್ತು ವರ್ಷ ದಾಟಿತು, ಅಭಿವೃದ್ಧಿ ಮಂಡಳಿ ಇದೆ, ಅನುದಾನ ಇದೆ, ಫಲಿತಾಂಶ ಬಂದ ವಾರ ಒಂದು ಸಭೆಯೂ ಇದೆ. ಆ ಮಕ್ಕಳು ಎಲ್ಲಿಗೆ ಹೋದರು ಅಂತ ಯಾರಾದರೂ ಕೇಳಿದ್ದಾರೆಯೇ? ರಾತ್ರಿ ಸ್ಟೇಷನ್ನಿಗೆ ಹೋಗಿ ನೋಡಿ. ಬೆಂಗಳೂರು, ಮುಂಬೈ, ಪುಣೆಯ ಗಾಡಿಗಳ ಜನರಲ್ ಬೋಗಿಯಲ್ಲಿ, ಬಾಗಿಲಿಗೆ ಬೆನ್ನು ಕೊಟ್ಟು, ಗೊಬ್ಬರದ ಚೀಲದಲ್ಲಿ ರೊಟ್ಟಿಗಂಟು ಇಟ್ಟುಕೊಂಡು ಕೂತಿರುತ್ತಾರೆ. ನಾನು ಹೋದೆ, ದುಡಿದೆ, ಮನೆ ಕಟ್ಟಿದೆ. ನನ್ನ ಹೊರಡುವಿಕೆಗೆ ಊರಿನವರು ಹಾರ ಹಾಕಿದ್ದರು. ಇವರು ಹೋಗುವುದು ಯಾರ ಲೆಕ್ಕದಲ್ಲೂ ಇಲ್ಲ. ಹತ್ತನೆಯ ಇಯತ್ತೆ ಫೇಲಾದ ಹುಡುಗ ಕಟ್ಟಡದ ಕೆಲಸಕ್ಕೆ ಹೊರಟಿರುವಾಗ, ನಮ್ಮ ಜಗಳ ಮಾತ್ರ ಸೊಲ್ಲಾಪುರವೋ ಸಿಕಂದರಾಬಾದೋ.

ಮೊನ್ನೆ ಚಿತ್ತಾಪುರ ಕಡೆಯ ದೋಸ್ತ ಮಸ್ಕತ್ತಿನಿಂದ ಫೋನ್ ಮಾಡಿದ. ನೌಕರಿ ಸಾಕಾಗಿದೆಯಂತೆ. "ನಾನೂ ಬಂದ್‌ಬಿಡ್ಲೇನು? ಊರು ಹೆಂಗದ?"

"ಹಂಗೇ ಅದ, ಬಾ," ಅಂದೆ.

ಈಗಂತೂ ನಮ್ಮೂರಾಗೇ ಏರ್‌ಪೋರ್ಟ್ ಆಗ್ಯದಲ್ಲ, ಮೂರು ಕಿಲೋಮೀಟರ್ ಮೀರಿದ ರನ್‌ವೇ ಅಂತಲ್ಲ, ಅಂತ ಹಿಗ್ಗಿದ.

"ಆಗ್ಯದ," ಅಂದೆ, "ನೀ ಟಿಕೆಟ್ ಹೈದರಾಬಾದಿಗೇ ತೆಗಿ."