ಇಮ್ಯುನಿಟಿ ಡಬ್ಬಿ

ಬೆಳಿಗ್ಗೆಯಿಂದ ತಲೆ ಕೆಟ್ಟು ಕೂತಿದೆ. ಬರೆದು ಹಾಕದಿದ್ದರೆ ನಿದ್ದೆ ಬರುವುದಿಲ್ಲ.

ವಾರ್ಡಿಗೆ ಸ್ಯಾಂಪಲ್ ತರಲು ಹೋಗಿದ್ದೆ. ಲಿವರ್ ಸಿರೋಸಿಸ್ ಆದವರೊಬ್ಬರು, ಹೊಟ್ಟೆಯಲ್ಲಿ ನೀರು ತುಂಬಿ ಬಿಗಿದಿತ್ತು. ನೋಡಲು ಬಂದ ನೆಂಟರು ಚೀಲದಿಂದ ದೊಡ್ಡದೊಂದು ಡಬ್ಬಿ ತೆಗೆದು ಮಂಚದ ಪಕ್ಕ ಇಟ್ಟರು. ಇಮ್ಯುನಿಟಿ ಬೂಸ್ಟರ್! "ನಿಮಗೆ ರೋಗ ತಡೆಯೋ ಶಕ್ತಿ ಕಮ್ಮಿ ಆಗಿದೆ, ದಿನಾ ಎರಡು ಚಮಚ ತಗೊಳ್ಳಿ. ಜ್ವರ ಇಲ್ವಲ್ಲ, ಇನ್‌ಫೆಕ್ಷನ್ ಏನೂ ಆಗಿರಲ್ಲ ಬಿಡಿ."

ಒಂದೇ ಉಸಿರಿನಲ್ಲಿ ಎರಡು ತಪ್ಪು. ನಾನು ಬಾಯಿ ಮುಚ್ಚಿಕೊಂಡು ಬಂದೆ. ಆ ಸಿಟ್ಟು ಈಗ ಇಲ್ಲಿ.

ನಾನು ಡಾಕ್ಟರಲ್ಲ, ಲ್ಯಾಬಿನವಳು, ನಿಮಗೆ ಗೊತ್ತೇ ಇದೆ. ಮೈಕ್ರೋಸ್ಕೋಪಿನ ಮುಂದೆ ಕೂತು ಕಣ ಎಣಿಸುವುದೇ ಹೊಟ್ಟೆಪಾಡು. ಆದರೂ ಇಷ್ಟು ಹೇಳಬಲ್ಲೆ.

ಕರುಳಿನಿಂದ ಬರುವ ರಕ್ತ ನೇರ ಲಿವರಿಗೆ ಹೋಗುತ್ತದೆ. ಲಿವರಿಗೆ ಸಿಗುವ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಇದೇ. ಅದರ ಜೊತೆ ಬ್ಯಾಕ್ಟೀರಿಯಾದ ಚೂರುಪಾರು ಬರುತ್ತಲೇ ಇರುತ್ತದೆ. ಬಾಗಿಲಲ್ಲೇ ಕೂತು ಅದನ್ನು ನುಂಗಿ ಹಾಕುವವು ಕುಪ್ಫರ್ ಕಣಗಳು. 1876ರಲ್ಲಿ ಅಂಗರಚನಾ ವಿಜ್ಞಾನಿ ಕುಪ್ಫರ್ ಕಂಡದ್ದು ಅಸಲಿಗೆ ಲಿವರಿನ ಬೇರೊಂದು ಬಗೆಯ ಕಣಗಳನ್ನು ಎಂದು ಆಮೇಲೆ ಗೊತ್ತಾಯಿತು. ಹೆಸರು ಮಾತ್ರ ಉಳಿಯಿತು.

ಸಿರೋಸಿಸ್‌ನಲ್ಲಿ ಲಿವರ್ ಗಾಯದ ಕಲೆಯಿಂದ ಗಟ್ಟಿಯಾಗಿ ರಕ್ತ ಒಳಗೆ ಹೋಗಲು ಒದ್ದಾಡುತ್ತದೆ. ಕಳ್ಳದಾರಿ ಹುಡುಕಿ ಕುಪ್ಫರ್ ಕಣಗಳ ಕಣ್ಣು ತಪ್ಪಿಸಿ ಮೈಗೆಲ್ಲ ಹರಿಯುತ್ತದೆ. ಕರುಳಿನ ಗೋಡೆಯೂ ಸಡಿಲ. ಬ್ಯಾಕ್ಟೀರಿಯಾಗೆ ಅಂಟಿಕೊಂಡು "ಇದನ್ನು ಹಿಡಿ" ಎಂದು ಗುರುತು ಹಾಕುವ ಪ್ರೋಟೀನುಗಳನ್ನು ಮಾಡಬೇಕಾದದ್ದೂ ಇದೇ ಲಿವರ್. ಅದೂ ಕಮ್ಮಿ.

ಈಗ ಬಿಳಿ ರಕ್ತಕಣಗಳ ಪಾಡು ನೋಡಿ. ಹಗಲೂ ರಾತ್ರಿ ಸೈರನ್ ಕೂಗುತ್ತಿರುತ್ತದೆ. ನ್ಯೂಟ್ರೋಫಿಲ್‌ಗಳು ಎಂಬ ಬಿಳಿ ಕಣಗಳು ಶತ್ರು ಇಲ್ಲದಾಗಲೂ ಕುದಿಯುತ್ತಿರುತ್ತವೆ. ನಿಜವಾದ ಬ್ಯಾಕ್ಟೀರಿಯಾ ಬಂದಾಗ ಸರಿಯಾಗಿ ನುಂಗಲು ಆಗುವುದಿಲ್ಲ. ಮಾನೋಸೈಟ್‌ಗಳು ಎಂಬ ಇನ್ನೊಂದು ಬಗೆಯ ಬಿಳಿ ಕಣಗಳು ಹಿಡಿದ ಕಳ್ಳನನ್ನು ಬೇರೆ ಕಣಗಳಿಗೆ ತೋರಿಸಬೇಕು, ಕಾಯಿಲೆ ಮುಂದುವರಿದಂತೆ ಆ ಕೆಲಸವೂ ಬಿದ್ದುಹೋಗುತ್ತದೆ. ಅಂದರೆ ಒಂದೇ ಮೈಯಲ್ಲಿ ಕಿರುಚಾಟವೂ ಇದೆ, ಸುಸ್ತೂ ಇದೆ. ಇದರಲ್ಲಿ ಯಾವುದನ್ನು ಬೂಸ್ಟ್ ಮಾಡುತ್ತೀರಿ ಸ್ವಾಮಿ? ಕಿರುಚಾಟವನ್ನಾ? ಆ ಕಿರುಚಾಟವೇ ರಕ್ತನಾಳ ಹಿಗ್ಗಿಸಿ ಕಿಡ್ನಿಯನ್ನು ಕೆಡವುವುದು.

ದೊಡ್ಡವರೇ ಎಡವಿದ್ದಾರೆ. ಲಿವರ್ ಮಾಡುವ ರಕ್ತದ ಪ್ರೋಟೀನಾದ ಆಲ್ಬುಮಿನ್ ಕೊಟ್ಟರೆ ಈ ಸುಸ್ತಾದ ಕಣಗಳು ಚೇತರಿಸಿಕೊಳ್ಳಬಹುದು ಎಂದು ಲೆಕ್ಕ ಹಾಕಿ ಬ್ರಿಟನ್ನಿನಲ್ಲಿ ಆಸ್ಪತ್ರೆ ಸೇರಿದ ಸುಮಾರು 800 ರೋಗಿಗಳ ಮೇಲೆ ನೋಡಿದರು. 2021ರಲ್ಲಿ ಫಲಿತಾಂಶ ಬಂತು: ಲಾಭವಿಲ್ಲ. ಅಷ್ಟು ಯೋಚಿಸಿ ಮಾಡಿದ್ದೇ ನಡೆಯಲಿಲ್ಲ, ಎರಡು ಚಮಚ ಪುಡಿ ನಡೆಸಿಬಿಡುತ್ತದಾ?

"ಏನೋ ಪ್ರೀತಿಯಿಂದ ತಂದಿದ್ದಾರೆ, ಮನಸ್ಸಿಗೆ ಸಮಾಧಾನ, ನಿನಗೇನು?" ಅನ್ನುತ್ತೀರಿ. ಸರಿ. ಪ್ರೀತಿ ಇಟ್ಟುಕೊಳ್ಳಿ, ಡಬ್ಬಿ ವಾಪಸ್ ಒಯ್ಯಿರಿ. ಗಿಡಮೂಲಿಕೆ ಪುಡಿಗಳಿಂದಲೇ ಲಿವರ್ ಕೆಟ್ಟವರಿದ್ದಾರೆ. ಏನಾದರೂ ಮಾಡಲೇಬೇಕಾ? ಹೆಪಟೈಟಿಸ್ ಬಿ, ಫ್ಲೂ, ನ್ಯುಮೋಕಾಕಲ್ ಲಸಿಕೆ ಆಗಿದೆಯಾ ಎಂದು ಡಾಕ್ಟರನ್ನು ಕೇಳಿ. ಅದನ್ನು ಯಾರೂ ಕೇಳಲ್ಲ.

ಇನ್ನು ಆ ಜ್ವರದ ಮಾತು. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ.

ಚಿಕ್ಕಪ್ಪನಿಗೂ ಇದೇ ಕಾಯಿಲೆ ಇತ್ತು. ಒಂದು ಸಂಜೆ ಆರು ಗಂಟೆಗೆ ಬ್ರಷ್ ಹಿಡಿದು ಬಂದು "ಬೆಳಗಾಯ್ತಲ್ಲ" ಅಂದರು. ಶರ್ಟಿನ ಗುಂಡಿ ಒಂದೂ ಸರಿಯಾದ ತೂತಿನಲ್ಲಿ ಇರಲಿಲ್ಲ. ನಾನು ಥರ್ಮಾಮೀಟರ್ ಇಟ್ಟೆ. 98.2. "ಜ್ವರ ಇಲ್ಲ ಚಿಕ್ಕಮ್ಮ, ನಿದ್ದೆಗೆಟ್ಟಿದ್ದಾರೆ ಅಷ್ಟೇ" ಅಂದೆ. ಕೈಯಲ್ಲಿದ್ದ ರಕ್ತದ ರಿಪೋರ್ಟಿನಲ್ಲಿ ಬಿಳಿ ಕಣ 6,000, ನಾರ್ಮಲ್. ಅವರದು ಯಾವಾಗಲೂ ಎರಡೂವರೆ ಸಾವಿರ, ಊದಿದ ಗುಲ್ಮವೇ ಅರ್ಧ ಹಿಡಿದಿಟ್ಟುಕೊಳ್ಳುತ್ತಿತ್ತು. ಅಂದರೆ ಎರಡು ಪಟ್ಟು ದಾಟಿ ಏರಿತ್ತು. ನಾನು "ನಾರ್ಮಲ್" ಓದಿ ಕಾಗದ ಮಡಚಿಟ್ಟೆ. ಸಿಆರ್‌ಪಿ (ಸೋಂಕು, ಉರಿಯೂತ ಇದ್ದರೆ ರಕ್ತದಲ್ಲಿ ಏರುವ ಪ್ರೋಟೀನು) ನೋಡಿದ್ದರೂ ಪೂರ್ತಿ ನಂಬುವಂತಿಲ್ಲ, ಅದನ್ನು ಮಾಡುವುದೂ ಲಿವರೇ. ನಾಡಿ ಓಡುತ್ತಿರಲಿಲ್ಲ, ನಾಡಿ ನಿಧಾನ ಮಾಡುವ ಬೀಟಾ ಬ್ಲಾಕರ್ ಮಾತ್ರೆ ತಡೆದಿಟ್ಟಿತ್ತು. ಗಲಿಬಿಲಿಯೊಂದೇ ಅವರ ಮೈ ಕೊಟ್ಟ ಸುಳಿವು.

ಮಾರನೇ ದಿನ ಹೊಟ್ಟೆಯ ನೀರು ತೆಗೆದರು. ಒಂದು ಘನ ಮಿಲಿಮೀಟರಿಗೆ ನ್ಯೂಟ್ರೋಫಿಲ್ 250 ಮುಟ್ಟಿದರೆ ನೀರಿಗೆ ಸೋಂಕು ತಗುಲಿದೆ ಎಂದೇ ಲೆಕ್ಕ, ಕಲ್ಚರಿಗೆ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಕಾಯದೆ ಆಂಟಿಬಯೋಟಿಕ್ ಶುರು ಮಾಡಬೇಕು. ಕಲ್ಚರ್ ಎಷ್ಟೋ ಸಲ ಖಾಲಿ ಬರುತ್ತದೆ. ಚಿಕ್ಕಪ್ಪನದು 1,140. ದಿನಾ ಬೇರೆಯವರಿಗೆ ಫೋನ್ ಮಾಡಿ ಈ ಲೆಕ್ಕ ಹೇಳುವವಳು ನಾನು!

ಆಂಟಿಬಯೋಟಿಕ್ ಜೊತೆ ಆಲ್ಬುಮಿನ್ ಕೊಟ್ಟರು. ಈ ಜಾಗದಲ್ಲಿ ಅದು ನಿಜಕ್ಕೂ ಕೆಲಸ ಮಾಡುತ್ತದೆ. 1999ರ ಪ್ರಯೋಗದಲ್ಲಿ ಕಿಡ್ನಿ ಕೆಡುವುದು ನೂರಕ್ಕೆ 33ರಿಂದ 10ಕ್ಕೆ ಇಳಿದಿತ್ತು. ಆ ಸಲ ಚಿಕ್ಕಪ್ಪ ಮನೆಗೆ ಬಂದರು.

ಇವತ್ತಿನದಕ್ಕೆ ಬರುತ್ತೇನೆ. ವಾರ್ಡಿನಿಂದ ತಂದ ಆ ರೋಗಿಯ ಹೊಟ್ಟೆಯ ನೀರನ್ನು ನಾನೇ ನೋಡಿದೆ. ತಿಳಿ ಹಳದಿ, ಬೆಳಕಿಗೆ ಹಿಡಿದರೆ ಸ್ವಲ್ಪ ಮಬ್ಬು. ಚೀಟಿಯಲ್ಲಿ ಟೆಂಪರೇಚರ್ 98.4. ಎರಡು ಸಲ ಎಣಿಸಿದೆ. 410.

ವಾರ್ಡಿಗೆ ಫೋನ್ ಮಾಡಿದೆ. ಸಿಸ್ಟರ್ ನಂಬರ್ ಬರೆದುಕೊಂಡು ಒಮ್ಮೆ ಓದಿ ಹೇಳಿದರು. ಇಡುವ ಮೊದಲು ಕೇಳಿಯೇ ಬಿಟ್ಟೆ, "ಮಂಚದ ಪಕ್ಕ ಒಂದು ಡಬ್ಬಿ ಇತ್ತಲ್ಲ ಸಿಸ್ಟರ್?"

"ಅದಾ? ನಾನು ನೋಡುವಷ್ಟರಲ್ಲಿ ಎರಡು ಚಮಚ ಕುಡಿಸಿ ಆಗಿತ್ತು ಮೇಡಂ."